ವಾಜ್ನರಿ ಕ್ಲಬ್ಬಿನ ಇಲೆವೆನ್

ಗುರಾಮ್ ಲೋಮಿಡ್ಜೆಯವರಿಗೆ ಬೇಕಾಗಿದ್ದದ್ದು ಒಂದೇ ಒಂದು. ಜಾರ್ಜಿಯಾ ದೇಶದ ವಾಜ್ನರಿ ಎಂಬ ಸಣ್ಣ ಊರಿನಲ್ಲಿ, ಫುಟ್‌ಬಾಲ್ ಮೈದಾನದ ಗೇಟಿನ ಪಕ್ಕ ನಿಲ್ಲಿಸುವ ಕಲ್ಲಿನ ಮೇಲೆ, ತಮ್ಮ ಅಣ್ಣ ಗಿವಿಯ ಹೆಸರು ಇರಬೇಕು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅವರು ನನಗೆ ಹೇಳಲಿಲ್ಲ, ನಾನು ಕೇಳಲಿಲ್ಲ. ಆರು ತಿಂಗಳು ಒಂದೇ ಟೇಬಲ್ಲಿನ ಮುಂದೆ ಕುಳಿತು ಇಬ್ಬರೂ ಬೇರೆ ಬೇರೆ ಮನುಷ್ಯನ ಬಗ್ಗೆ ಮಾತಾಡಿದೆವು. ಆ ಗೊಂದಲ ನಿಮಗಾದರೂ ಬೇಡ.

ಅದು ತೊಂಬತ್ತೆಂಟನೇ ಇಸವಿಯ ಕೊನೆ. ಅಮೆರಿಕದ ಪಾರ್ಸಿಪನಿಯಲ್ಲಿ ರೂಟ್ ನಲವತ್ತಾರು ಎಂಬ ಹೆದ್ದಾರಿಯ ಪಕ್ಕದ ಅಪಾರ್ಟ್‌ಮೆಂಟುಗಳಲ್ಲಿ ನಾವಿದ್ದೆವು. ನನ್ನ ಗಂಡ ರಾಜಶೇಖರ ವೈಟುಕೆ, ಅಂದರೆ ಎರಡು ಸಾವಿರನೇ ಇಸವಿಗೆ ಕಂಪ್ಯೂಟರುಗಳನ್ನು ಸಿದ್ಧ ಮಾಡುವ ಕೆಲಸದ ಮೇಲೆ ಬಂದವರು. ಬೆಳಗ್ಗೆ ಏಳಕ್ಕೆ ಜರ್ಸಿ ಸಿಟಿಯ ಬ್ಯಾಂಕಿಗೆ ಡ್ರೈವ್ ಮಾಡಿಕೊಂಡು ಹೋದರೆ ರಾತ್ರಿ ಎಂಟಕ್ಕೆ ಬರುತ್ತಿದ್ದರು. ನಾನು ಎಚ್-ಫೋರ್, ಅಂದರೆ ಗಂಡನ ವೀಸಾದ ಬಾಲ. ದಾವಣಗೆರೆಯ ಕಂಪ್ಯೂಟರ್ ಇನ್‌ಸ್ಟಿಟ್ಯೂಟಿನಲ್ಲಿ ಮೂರು ಬ್ಯಾಚಿಗೆ ಪಾಠ ಹೇಳಿದವಳು ಇಲ್ಲಿ ಕೆಲಸ ಮಾಡುವ ಹಾಗಿಲ್ಲ. ಮನೆ ಒರೆಸು, ಪಲ್ಯ ಮಾಡು, ಕಿಟಕಿಯಲ್ಲಿ ಹಿಮ ನೋಡು. ಸಿಟ್ಟು ನನಗೆ ಮೊದಲೇ ಮೂಗಿನ ತುದಿಯಲ್ಲಿ. ಆ ಚಳಿಗಾಲದಲ್ಲಂತೂ ಅಲ್ಲೇ ಮನೆ ಮಾಡಿಕೊಂಡಿತ್ತು.

ಗುರಾಮ್ ಅಂಕಲ್ ನಮ್ಮ ಬಿಲ್ಡಿಂಗಿನ ಸೂಪರ್. ಸೂಪರ್ ಅಂದರೆ ಇಲ್ಲಿ ನಲ್ಲಿ, ಹೀಟರು, ಬೀಗ ಎಲ್ಲ ರಿಪೇರಿ ಮಾಡುವವನು. ಅರವತ್ತು ವರ್ಷ, ಬಾಗಿದ ಎಡ ಮಂಡಿ, ದಪ್ಪ ಬಿಳಿ ಮೀಸೆ. ನಮ್ಮ ಸಿಂಕಿನಲ್ಲಿ ನುಗ್ಗೆಕಾಯಿ ಸಿಪ್ಪೆ ಸಿಕ್ಕಿಕೊಂಡು ನೀರು ಮೇಲಕ್ಕೆ ಬಂದ ದಿನ ಬಂದರು. ಸಿಪ್ಪೆಯನ್ನು ಎಳೆದು ತೆಗೆದು, ಇದು ಗಿಡವೋ ಹಗ್ಗವೋ ಎಂದು ಕೇಳಿದರು. ಆಮೇಲೆ ಮೂಲೆಯಲ್ಲಿದ್ದ ನಮ್ಮ ಕಂಪ್ಯೂಟರನ್ನು ತುಂಬ ಹೊತ್ತು ನೋಡಿದರು. ಮಾರನೆಯ ದಿನ ಒಂದು ಬಾಟಲಿ ಹುಳಿ ಪ್ಲಮ್ಮಿನ ಚಟ್ನಿ, ಹದಿನಾಲ್ಕು ನೋಟ್‌ಬುಕ್ಕು ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು.

ತಾವು ಜಾರ್ಜಿಯಾದವರು ಅಂದರು. ಓಹೋ, ಅಟ್ಲಾಂಟಾದಲ್ಲಿ ನಮ್ಮವರ ಕಸಿನ್ ಇದ್ದಾರೆ ಅಂದೆ. ಅವರು ಮುಖ ಹುಳ್ಳಗೆ ಮಾಡಿದರು. ಅಟ್ಲಾಂಟಾ ಇರುವ ಅಮೆರಿಕದ ಜಾರ್ಜಿಯಾ ರಾಜ್ಯ ಬೇರೆ, ಈ ಜಾರ್ಜಿಯಾ ರಷ್ಯಾದ ಕೆಳಗೆ, ಕಪ್ಪು ಸಮುದ್ರದ ಪಕ್ಕ ಎಂದು ತಿಳಿಯಲು ನನಗೆ ಒಂದು ವಾರ ಬೇಕಾಯಿತು.

ವಿಷಯ ಇಷ್ಟು. ಅವರ ಊರಿನ ಕ್ಲಬ್ಬು ಮೈದಾನದಲ್ಲಿ ಒಂದು ಕಲ್ಲು ನಿಲ್ಲಿಸುತ್ತದಂತೆ. ಮೂವತ್ತಾರರಿಂದ ಇಲ್ಲಿಯವರೆಗೆ ಆಡಿದ ಎಲ್ಲರ ಹೆಸರು, ಆಡಿದ ವರ್ಷ ಅದರ ಮೇಲೆ. ಆದರೆ ಕ್ಲಬ್ಬಿನ ಕಾಗದಗಳು ಯಾವುವೂ ಉಳಿದಿಲ್ಲ. ತೊಂಬತ್ತೆರಡರ ಚಳಿಗಾಲದಲ್ಲಿ ಕರೆಂಟೂ ಇಲ್ಲ, ಗ್ಯಾಸೂ ಇಲ್ಲದೆ ಊರಿನ ಜನ ಕ್ಲಬ್ಬಿನ ಕುರ್ಚಿ, ಕಪಾಟು, ರಿಜಿಸ್ಟರು ಎಲ್ಲವನ್ನೂ ಒಲೆಗೆ ಹಾಕಿದರು. ಉಳಿದದ್ದು ಗುರಾಮ್ ಅಂಕಲ್ಲಿನ ಸೂಟ್‌ಕೇಸಿನಲ್ಲಿ ಬ್ರೂಕ್ಲಿನ್ನಿನ ಮಗಳ ಮನೆಗೆ ಬಂದು, ಅಲ್ಲಿಂದ ಪಾರ್ಸಿಪನಿಗೆ ಬಂದ ಈ ಹದಿನಾಲ್ಕು ನೋಟ್‌ಬುಕ್ಕು. ಮಂಡಿ ಮುರಿದು ಆಟ ಬಿಟ್ಟ ಮೇಲೆ ಅವರು ಅದೇ ಕ್ಲಬ್ಬಿನಲ್ಲಿ ಇಪ್ಪತ್ತೈದು ವರ್ಷ ಸುಣ್ಣದ ಗೆರೆ ಹಾಕಿದರು, ಸ್ಕೋರು ಬರೆದರು. ಹಳೆಯ ಸ್ಕೋರು ಹಾಳೆಗಳನ್ನೂ ಒಂದೊಂದಾಗಿ ನಕಲು ಮಾಡಿಟ್ಟುಕೊಂಡಿದ್ದರು. ಅಕ್ಷರ ನೋಡಿದರೆ ಜಿಲೇಬಿ. ಅವರು ಓದಬೇಕು, ನಾನು ಟೈಪ್ ಮಾಡಬೇಕು.

ಒಪ್ಪಿಕೊಂಡೆ. ಸಂಬಳಕ್ಕೆ ಕೆಲಸ ಮಾಡಬೇಡ ಅಂತ ವೀಸಾದಲ್ಲಿತ್ತು. ಯಾರದೋ ಊರಿನ ಫುಟ್‌ಬಾಲ್ ಟೈಪ್ ಮಾಡಬೇಡ ಅಂತ ಎಲ್ಲೂ ಇರಲಿಲ್ಲ.

ಮೊದಲನೇ ತಿಂಗಳೇ ನನ್ನ ತಲೆ ಮೊಸರುಗಡಿಗೆಯಾಯಿತು. ಮೂವತ್ತಾರರಲ್ಲಿ ರೈಲ್ವೆ ವರ್ಕ್‌ಶಾಪಿನವರು ಕಟ್ಟಿದ ಟೀಮಿನ ಹೆಸರು ಲೋಕೊಮೋಟಿವಿ. ಯುದ್ಧ ಮುಗಿದು ಸ್ವಲ್ಪ ದಿನಕ್ಕೆ ಮೆಚಾಯೆ ಎಂಬ ಟೀಮು ಬಂತು, ಅಂದರೆ ಚಹಾ ಬೆಳೆಯುವವರು. ತೊಂಬತ್ತರಲ್ಲಿ ವಾಜ್ನರಿ ಎಂದು ಬರೀ ಊರಿನ ಹೆಸರು. ನಾನು ಜಾಣತನದಿಂದ ಮೂರು ಫೈಲು ಮಾಡಿ, ಮೂರು ಕ್ಲಬ್ಬಿಗೂ ಬೇರೆ ಬೇರೆ ಲೆಕ್ಕ ಹಾಕಿಟ್ಟೆ. ಅಂಕಲ್ ನೋಡಿ ಎದ್ದು ನಿಂತುಬಿಟ್ಟರು. ಒಂದೇ ಕ್ಲಬ್ಬು, ಒಂದೇ, ಎಂದು ಬೆರಳೆತ್ತಿ ತೋರಿಸಿದರು. ರೈಲ್ವೆಯವರು ದುಡ್ಡು ನಿಲ್ಲಿಸಿದಾಗ ಅದೇ ಹುಡುಗರಿಗೆ ಚಹಾ ಕಾರ್ಖಾನೆಯವರು ಹಸಿರು ಅಂಗಿ ಹೊಲಿಸಿದರು, ಅಷ್ಟೇ. ನಮ್ಮೂರ ಹತ್ತಿಗಿರಣಿ ಮೂರು ಮಾಲೀಕರ ಕೈ ಬದಲಾದರೂ ಅಪ್ಪ ಅದೇ ಗೇಟಿನಲ್ಲಿ ಹೋಗಿ ಬರುತ್ತಿದ್ದದ್ದು ನೆನಪಾಯಿತು. ಫೈಲು ಒಂದು ಮಾಡಿದೆ.

ಆಟಗಳೂ ಅಷ್ಟೇ, ಒಂದಕ್ಕೊಂದು ತಾಳ ಇಲ್ಲ. ಐವತ್ತೊಂದರಲ್ಲಿ ಎದುರಾಳಿಯ ರೈಲು ಬರಲೇ ಇಲ್ಲವೆಂದು ಗೆಲುವು ಬರೆದುಕೊಂಡಿದ್ದಾರೆ. ಅರವತ್ತೊಂದರಲ್ಲಿ ಅರ್ಧ ಆಟದಲ್ಲಿ ಗೋಲ್‌ಕೀಪರ್ ಮನೆಗೆ ಹೋಗಿದ್ದಾನೆ, ಹಸು ಈಯುತ್ತಿತ್ತಂತೆ. ಆ ಆಟದಲ್ಲಿ ಒಂಬತ್ತು ಗೋಲು ತಿಂದಿದ್ದಾರೆ. ಅದನ್ನು ಅಂಕಲ್ ಬಲು ಮೆಲ್ಲಗೆ ಓದಿದರು. ನಾನು ಎರಡು ಸಲ ಕೇಳಿಸಿಕೊಂಡು ಒಂಬತ್ತು ಎಂದು ಒತ್ತಿದೆ.

ಇದರ ನಡುವೆ ಇಲೆವೆನ್. ಎಡ ಅಂಚಿನಲ್ಲಿ ಆಡುವವನ ಅಂಗಿಯ ನಂಬರು ಹನ್ನೊಂದು. ಐವತ್ತೆರಡನೇ ಇಸವಿಯ ಹಾಳೆ ಬಂದ ದಿನದಿಂದ ಅವರ ಬಾಯಲ್ಲಿ ಇಲೆವೆನ್ ಬಿಟ್ಟು ಬೇರೆ ಇಲ್ಲ. ಇಲೆವೆನ್ ಎಡಗಾಲಲ್ಲಿ ಹೀಗೆ ಎಳೆಯುತ್ತಿದ್ದ. ಇಲೆವೆನ್ ಓಡಿದರೆ ಟೋಪಿ ಹಾಕಿಕೊಂಡ ಮುದುಕರೂ ಎದ್ದು ನಿಲ್ಲುತ್ತಿದ್ದರು. ಕಾಗದದಲ್ಲಿ ಇದ್ದದ್ದು ಜಿ. ಲೋಮಿಡ್ಜೆ ಎಂದಷ್ಟೇ, ಎಲ್ಲರ ಹೆಸರೂ ಹಾಗೇ, ಒಂದು ಅಕ್ಷರ, ಆಮೇಲೆ ಮನೆತನ. ಜಿ ಅಂದರೆ ಗುರಾಮ್, ನನ್ನ ಮುಂದೆ ಕುಳಿತವರು. ಪಾಪ, ದೊಡ್ಡ ಮನುಷ್ಯ, ತನ್ನನ್ನು ತಾನೇ ಹೊಗಳಿಕೊಳ್ಳಲು ನಾಚಿ ಇಲೆವೆನ್ ಇಲೆವೆನ್ ಅನ್ನುತ್ತಾರೆ ಎಂದುಕೊಂಡೆ.

ಯಾಕೆ ಕೇಳಲಿಲ್ಲ ಅಂತ ನೀವು ಬೈಯಬಹುದು, ನಾನೂ ಬೈದುಕೊಂಡಿದ್ದೇನೆ. ಆದರೆ ನಾನು ಬಸಲಿಂಗಮ್ಮನ ಮಗಳು. ನಮ್ಮವ್ವ ಜೀವಮಾನದಲ್ಲಿ ಅಪ್ಪನ ಹೆಸರು ಹೇಳಿದವಳಲ್ಲ. ರೇಷನ್ ಕಾರ್ಡಿನವನು ಗಂಡನ ಹೆಸರೇನಮ್ಮ ಅಂದರೆ ಸೆರಗು ಬಾಯಿಗಿಟ್ಟುಕೊಂಡು ನನ್ನ ಬೆನ್ನು ತಿವಿಯುತ್ತಿದ್ದಳು. ನಾನು ಈಶಣ್ಣ ಎಂದು ಕೂಗುತ್ತಿದ್ದೆ. ಹೆಸರು ಹೇಳದೆ ಇರುವುದು ನಮಗೆ ಮರ್ಯಾದೆ, ಪ್ರೀತಿ. ಹೇಳದವರನ್ನು ಕೆದಕಿ ಕೇಳುವುದು ಕೆಟ್ಟ ನಡತೆ. ಗುರಾಮ್ ಅಂಕಲ್ ಇಲೆವೆನ್ ಅಂದಾಗ ನನಗೆ ಅವ್ವನೇ ನೆನಪಾಗುತ್ತಿದ್ದಳು, ಇನ್ನೇನು ಕೇಳಲಿ.

ಏಪ್ರಿಲ್ಲಿನ ಹೊತ್ತಿಗೆ ನಾಲ್ಕುನೂರಕ್ಕೂ ಹೆಚ್ಚು ಹೆಸರು ಆಗಿದ್ದವು. ಅಂಕಲ್ ಪಟ್ಟಿಯನ್ನು ಒಂದೊಂದೇ ಸಾಲು ನೋಡಿ ಪೆನ್ಸಿಲ್ಲಿನಲ್ಲಿ ಗುರುತು ಹಾಕಿದರು. ಅದರಲ್ಲಿ ಜಿ. ಲೋಮಿಡ್ಜೆ ಎರಡು ಸಾಲಿನಲ್ಲಿತ್ತು: ಐವತ್ತೆರಡರಿಂದ ಐವತ್ತೈದು ಒಂದು, ಐವತ್ತಾರರಿಂದ ಅರವತ್ತನಾಲ್ಕು ಇನ್ನೊಂದು. ನೋಟ್‌ಬುಕ್ಕು ಬದಲಾದ ಕಡೆ ಸಾಲೂ ಬದಲಾಗಿದೆ ಎಂದು ನನ್ನ ಲೆಕ್ಕ. ಅಷ್ಟರಲ್ಲಿ ಕ್ಲಬ್ಬಿನ ಕಾರ್ಯದರ್ಶಿಯ ಇ-ಮೇಲ್ ಬಂತು. ಕಲ್ಲುಕುಟಿಗ ಹೆಸರಿಗೆ ಬರೀ ಒಂದು ಅಕ್ಷರ ಇದ್ದರೆ ಒಪ್ಪುವುದಿಲ್ಲ, ಎಲ್ಲರ ಪೂರ್ತಿ ಹೆಸರು ಬೇಕು ಎಂದು. ಅಂಕಲ್ ಎರಡು ವಾರ ಕುಳಿತು ನೆನಪಿನಿಂದ ಹೇಳಿದರು, ಬ್ರೂಕ್ಲಿನ್ನಿಗೆ ಫೋನ್ ಮಾಡಿ ಕೇಳಿ ಹೇಳಿದರು. ಜಿ. ಲೋಮಿಡ್ಜೆಗೆ ಬಂದಾಗ ಎರಡು ಸಲವೂ, ಆಮೇಲೆ ಹೇಳುತ್ತೇನೆ ಅಂದರು. ನೋಡಿದಿರಾ, ಮತ್ತೆ ಅದೇ ನಾಚಿಕೆ.

ಮೇ ತಿಂಗಳಲ್ಲಿ ಯಾರೋ ಊರಿನವರು ತೀರಿಕೊಂಡರೆಂದು ಅಂಕಲ್ ಬ್ರೂಕ್ಲಿನ್ನಿಗೆ ಹೋದರು. ಆ ಶನಿವಾರ ಕಾರ್ಯದರ್ಶಿಯ ಮೇಲ್ ಬಂತು: ಸೋಮವಾರ ಕೆತ್ತನೆ ಶುರು, ಪಟ್ಟಿ ಈಗಲೇ ಕಳಿಸಿ. ಮಗಳ ಮನೆಗೆ ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ರಾಜಶೇಖರ ಮನೆಯಲ್ಲಿದ್ದರು. ಅವರ ಕೆಲಸವೇ ಬ್ಯಾಂಕಿನ ಗಿರಾಕಿಗಳ ಪಟ್ಟಿಯಲ್ಲಿ ಎರಡೆರಡು ಸಲ ಬಂದವರನ್ನು ಹುಡುಕಿ ಒಂದು ಮಾಡುವುದು. ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದರು.

“ಇಲ್ಲೊಂದು ಡುಪ್ಲಿಕೇಟ್ ಐತಲ್ಲ ವಿಜಿ. ಅದ ಹೆಸರು, ಅದ ನಂಬರು, ವರ್ಷಾನೂ ಕೂಡತಾವ. ಮರ್ಜ್ ಮಾಡು.”

ನಾನು ಮಾಡಿದೆ. ಅಷ್ಟೇ ಮಾಡಿದ್ದರೆ ಬೇರೆ ಮಾತು. ನನ್ನ ಕೈಯಾರೆ ಜಿ ಅಳಿಸಿ ಗುರಾಮ್ ಎಂದು ಪೂರ್ತಿ ಬರೆದೆ. ಹದಿಮೂರು ವರ್ಷ ಆಡಿದವರು ಬೇರೆ ಯಾರೂ ಇರಲಿಲ್ಲ. ಹೆಚ್ಚು ವರ್ಷ ಆಡಿದವರು ಮೇಲೆ ಬರುವ ಹಾಗೆ ಜೋಡಿಸಿದೆ. ಗುರಾಮ್ ಲೋಮಿಡ್ಜೆ, 1952–1964, ಮೊದಲನೇ ಸಾಲು. ನನಗೆ ಎಷ್ಟು ಖುಷಿಯಾಯಿತೆಂದರೆ, ಕಳಿಸಿದ ಮೇಲೆ ಒಂದು ಲೋಟ ಕಾಫಿ ಜಾಸ್ತಿ ಕುಡಿದೆ.

ಮಂಗಳವಾರ ಅಂಕಲ್ ಓಡೋಡಿ ಬಂದರು. ಪಟ್ಟಿ ಹೋಯಿತಾ? ಹೋಯಿತು. ಇಲೆವೆನ್? ನಾನು ನಗುತ್ತಾ, ಇದ್ದಾರೆ ಅಂಕಲ್, ಪೂರ್ತಿ ಹೆಸರು, ಎಲ್ಲರಿಗಿಂತ ಮೇಲೆ ಅಂದೆ. ಅವರ ಬಾಯಿ ತೆರೆದೇ ಉಳಿಯಿತು. ನಿನಗೆ ಹೆಸರು ಹೇಗೆ ಗೊತ್ತಾಯಿತು, ಕಾರ್ಯದರ್ಶಿ ಹೇಳಿದನಾ ಎಂದು ಕೇಳಿದರು. ಇದೇನು ಕೇಳುತ್ತಾರೆ ಎಂದು ಅರ್ಥವಾಗಲಿಲ್ಲ. ಅರ್ಥವಾಗದಿದ್ದರೆ ಹೂಂ ಅನ್ನುವುದು ನನ್ನ ಚಾಳಿ, ಹೂಂ ಅಂದೆ. ಆ ಮನುಷ್ಯ ನನ್ನ ಎರಡೂ ಕೈ ಹಿಡಿದು ಹಣೆಗೆ ಒತ್ತಿಕೊಂಡು ಅತ್ತುಬಿಟ್ಟರು. ತನ್ನ ಹೆಸರು ಮೇಲೆ ಬಂದದ್ದಕ್ಕೆ ಇಷ್ಟು ಅಳುವುದಾ ಎಂದು ನನಗೆ ಒಂದು ಕ್ಷಣ ವಿಚಿತ್ರ ಅನ್ನಿಸಿತು. ನನಗೂ ಕಣ್ಣು ತುಂಬಿತು, ಅಲ್ಲಿಗೆ ಮರೆತೆ.

ಆ ಬೇಸಿಗೆಯಿಡೀ ಅವರು ಬೇರೆ ಮನುಷ್ಯನೇ ಆಗಿದ್ದರು. ಲಾಂಡ್ರಿ ರೂಮಿನಲ್ಲಿ ಹಾಡುತ್ತಿದ್ದರು. ಯಾರ ಮನೆಯ ಸಿಂಕು ಕಟ್ಟಿದರೂ ಬೈಯುತ್ತಿರಲಿಲ್ಲ. ನಮ್ಮ ಮನೆಗೆ ವಾರಕ್ಕೊಂದು ಬಾಟಲಿ ಪ್ಲಮ್ ಚಟ್ನಿ. ನಾನು ಶೇಂಗಾ ಚಟ್ನಿ ಕೊಟ್ಟು ಕೊಟ್ಟು ಸಾಕಾದೆ.

ಸೆಪ್ಟೆಂಬರಿನಲ್ಲಿ ಫ್ಲಾಯ್ಡ್ ಬಿರುಗಾಳಿ ಬಂದು ಬೇಸ್‌ಮೆಂಟು ನೀರಾಯಿತು. ಅಂಕಲ್ ಎರಡು ದಿನ ಪಂಪು ಹಿಡಿದು ನಿಂತರು. ಮೂರನೇ ದಿನ ಫೋಟೋ ಬಂತು. ಆಗಿನ ಮೋಡೆಮ್ಮಿನಲ್ಲಿ ಒಂದು ಚಿತ್ರ ಇಳಿಯಲು ಹತ್ತು ನಿಮಿಷ; ಮೇಲಿನಿಂದ ಒಂದೊಂದೇ ಗೆರೆಯಾಗಿ ಕಲ್ಲು ಕಾಣುತ್ತಿತ್ತು. ಅಂಕಲ್‌ಗೆ ಫೋನ್ ಮಾಡಿ ಕರೆದೆ. ಒದ್ದೆ ಬೂಟು ಬಾಗಿಲಲ್ಲಿ ಬಿಟ್ಟು, ಕನ್ನಡಕ ಹಾಕಿಕೊಂಡು ಪರದೆಗೆ ಮೂಗು ತಾಗುವಷ್ಟು ಹತ್ತಿರ ಕುಳಿತರು. ಮೊದಲನೇ ಸಾಲು ಓದಿದರು. ಅವರ ಬೆರಳು ಕೆಳಗೆ ಇಳಿಯಿತು, ಕಲ್ಲಿನ ಕೊನೇ ಸಾಲಿಗೆ ಹೋಯಿತು, ಮತ್ತೆ ಮೇಲೆ ಬಂತು.

“ಇದು ನಾನು,” ಅಂದರು.

ಹೌದು, ನೀವೇ ಎಂದು ನಾನು ಚಪ್ಪಾಳೆ ತಟ್ಟಿದೆ. ನನ್ನ ಜನ್ಮಕ್ಕಿಷ್ಟು. ಅವರು ತಿರುಗಿ ನನ್ನನ್ನು ನೋಡಿದರು. ಗುರುತೇ ಇಲ್ಲದವರನ್ನು ನೋಡುವ ಹಾಗಿತ್ತು.

“ಇಲೆವೆನ್ ಎಲ್ಲಿ?”

“ಇಲೆವೆನ್ ನೀವೇ ಅಲ್ವಾ ಅಂಕಲ್?”

ಅವರು ಕನ್ನಡಕ ತೆಗೆದು ಟೇಬಲ್ಲಿನ ಮೇಲಿಟ್ಟರು. ಗಿವಿ ಅಂದರು. ಆ ಶಬ್ದ ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಅವರ ಭಾಷೆಯಲ್ಲಿ ಅಯ್ಯೋ ಅನ್ನುವ ಮಾತೇನೋ ಅಂದುಕೊಂಡೆ. ನನ್ನ ಅಣ್ಣ, ಗಿವಿ, ಎಂದು ಇನ್ನೊಮ್ಮೆ ಹೇಳಿದರು. ಆಗ ಗೊತ್ತಾಯಿತು, ಅದು ಹೆಸರು.

ಅಂದು ಅವರು ಹೇಳಿದ್ದನ್ನು ನನಗೆ ಅರ್ಥವಾದಷ್ಟು ಹೇಳುತ್ತೇನೆ. ಐವತ್ತಾರರ ಮಾರ್ಚಿನಲ್ಲಿ ಟ್ಬಿಲಿಸಿ ಎಂಬ ಅವರ ರಾಜಧಾನಿಯಲ್ಲಿ ದೊಡ್ಡ ಗಲಾಟೆಯಾಯಿತು, ಮೆರವಣಿಗೆಯ ಮೇಲೆ ಸರ್ಕಾರದ ಸೈನ್ಯ ಗುಂಡು ಹಾರಿಸಿತು. ಗಿವಿಗೆ ಇಪ್ಪತ್ಮೂರು ವರ್ಷ. ಬೂಟು ತರಲು ಹೋಗಿದ್ದನೋ, ಮೆರವಣಿಗೆಗೇ ಹೋಗಿದ್ದನೋ, ಮನೆಯವರಿಗೆ ಇವತ್ತಿಗೂ ಗೊತ್ತಿಲ್ಲ. ಹೋದವನು ಬರಲಿಲ್ಲ. ಹೆಣವೂ ಬರಲಿಲ್ಲ. ಸರ್ಕಾರ ಮನೆಯವರನ್ನೂ ಬಿಡುವುದಿಲ್ಲ ಎಂದು ಹೆದರಿ ಅವರಪ್ಪ ಮನೆಮಂದಿಯನ್ನೆಲ್ಲ ಕೂರಿಸಿ, ಇನ್ನು ಈ ಹೆಸರು ಯಾರ ಬಾಯಲ್ಲೂ ಬರಕೂಡದು, ಕೇಳಿದವರಿಗೆ ದೂರದ ಊರಿಗೆ ಕೆಲಸಕ್ಕೆ ಹೋದ ಅನ್ನಿ ಅಂದರು. ಅವರವ್ವ ಒಲೆಯ ಮುಂದೆ ಕುಳಿತು ಅಳುವಾಗಲೂ ಹೆಸರಿಲ್ಲದೆ ಅತ್ತಳಂತೆ. ಒಂದು ತಿಂಗಳಿಗೆ ಕಾರ್ಖಾನೆಯವರು ಬಂದು ಹದಿನೆಂಟು ವರ್ಷದ ಗುರಾಮನನ್ನು ಕರೆದುಕೊಂಡು ಹೋಗಿ ಅದೇ ಹನ್ನೊಂದನೇ ಅಂಗಿ ತೊಡಿಸಿದರು. ಹಾಳೆಯಲ್ಲಿ ಜಿ. ಲೋಮಿಡ್ಜೆ ಎಂದಿತ್ತು, ಜಿ. ಲೋಮಿಡ್ಜೆ ಎಂದೇ ಮುಂದುವರಿಯಿತು. ಏನೂ ಆಗಲಿಲ್ಲ, ಯಾರೂ ಹೋಗಲಿಲ್ಲ ಎಂಬ ಹಾಗೆ. ಮನೆಯಲ್ಲಿ ಅಣ್ಣನನ್ನು ತಮ್ಮ ಭಾಷೆಯಲ್ಲಿ ಹನ್ನೊಂದು ಎಂದು, ಅದೇ ಈ ಇಲೆವೆನ್, ಕರೆಯುವುದನ್ನು ರೂಢಿ ಮಾಡಿಕೊಂಡರು.

ಅವರು ಹೆದರಿ ನುಂಗಿಕೊಂಡದ್ದನ್ನು ನಾನು ನಮ್ಮವ್ವನ ಸೆರಗಿನ ಮರ್ಯಾದೆ ಎಂದು ತಿಳಿದು ಕುಳಿತಿದ್ದೆ. ಅಂದು ಕಾರ್ಖಾನೆಯವರು ಮಾಡಿದ್ದನ್ನು ನಲವತ್ತಮೂರು ವರ್ಷದ ಮೇಲೆ ಪಾರ್ಸಿಪನಿಯಲ್ಲಿ ಕುಳಿತು, ಕಾಫಿ ಕುಡಿಯುತ್ತಾ, ನಾನು ಕಲ್ಲಿಗೆ ಹತ್ತಿಸಿದೆ. ನನಗೆ ನಾಚಿಕೆಯಾಯಿತು. ಐವತ್ತೆರಡರಲ್ಲಿ ಅವರಿಗೆ ಹದಿನಾಲ್ಕೇ ವರ್ಷ ಎಂಬ ಲೆಕ್ಕವನ್ನೂ ನಾನು ಹಾಕಿರಲಿಲ್ಲ. ಕ್ಷಮಿಸಿ ಎಂದು ನಾಲ್ಕು ಸಲ ಹೇಳಿದೆ. ಅವರು ತಲೆಯಾಡಿಸಿ, ಒದ್ದೆ ಬೂಟು ಹಾಕಿಕೊಂಡು ಪಂಪಿನ ಹತ್ತಿರ ಹೋದರು.

ಸಂಜೆ ರಾಜಶೇಖರ ಬಂದರು. ಡುಪ್ಲಿಕೇಟ್ ಎಂದು ಹೇಳಿದ್ದು ನೀವೇ ಎಂದು ಹಾರಾಡಿದೆ. ಹೆಸರು ಬರೆದದ್ದು ನಾನು ಎಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಅವರು ಬ್ಯಾಗು ಇಳಿಸದೆ ನಿಂತೇ ಕೇಳಿದರು. ಆಮೇಲೆ, ಬ್ಯಾಂಕಿನಾಗ ಆದ್ರ ಹಳೇ ಫೈಲು ವಾಪಸ್ ಹಾಕಬಹುದು, ಕಲ್ಲಿಗೆ ಏನ್ ಮಾಡೋದು ಎಂದು ಮೆಲ್ಲಗೆ ಕೇಳಿದರು.

ಅಂದೇ ಕಾರ್ಯದರ್ಶಿಗೆ ಬರೆದೆ. ತಪ್ಪು ನನ್ನದು, ಒಂದು ಸಾಲು ಸೇರಿಸಿ ಎಂದು. ಮೂರು ದಿನಕ್ಕೆ ಉತ್ತರ ಬಂತು. ಕಲ್ಲು ಅಂಚಿನಿಂದ ಅಂಚಿಗೆ ತುಂಬಿದೆ, ಇನ್ನೊಂದು ಸಾಲಿಗೆ ಜಾಗವಿಲ್ಲ. ಇನ್ನೊಂದು ಕಲ್ಲಿಗೆ ಕ್ಲಬ್ಬಿನಲ್ಲಿ ಶಕ್ತಿಯಿಲ್ಲ. ಒಂದೇ ದಾರಿ: ಇರುವ ಹೆಸರಿನ ಅಕ್ಷರಗಳಿಗೆ ಗಾರೆ ತುಂಬಿ, ಅಷ್ಟೇ ಜಾಗದಲ್ಲಿ ಬೇರೆ ಹೆಸರು ಕೆತ್ತಬಹುದು. ಹಾಗೆ ಮಾಡುವುದಾದರೆ ಗುರಾಮ್ ತಾನೇ ಹೇಳಬೇಕು.

ಅಂಕಲ್‌ಗೆ ಓದಿ ಹೇಳಿದೆ. ಅವರಿಗಿಂತ ಮೊದಲು ನಾನೇ ಬಾಯಿ ಹಾಕಿದೆ. ಪೂರ್ತಿ ಹೆಸರು ತೆಗೆಸಿ, ನೋಟ್‌ಬುಕ್ಕಿನಲ್ಲಿದ್ದ ಹಾಗೆ ಜಿ. ಲೋಮಿಡ್ಜೆ ಎಂದು ಹಾಕಿಸೋಣ, ಇಬ್ಬರೂ ಬಂದ ಹಾಗಾಗುತ್ತದೆ ಅಂದೆ. ತುಂಬ ಜಾಣ ಉಪಾಯ ಅಂದುಕೊಂಡಿದ್ದೆ. ಅವರು ಬೇಡ ಅಂದರು. ಅಷ್ಟು ವರ್ಷ ಹಾಗೆಯೇ ಬರೆದರು, ಅದರೊಳಗೆ ಅವನು ಎಲ್ಲಿದ್ದ ಎಂದು ಕೇಳಿದರು.

ನನ್ನ ಹೆಸರು ತೆಗೆಯಲಿ, ಗಿವಿ ಅಂತ ಬರೆಯಲಿ, ಟೈಪ್ ಮಾಡು ಅಂದರು. ನನಗೆ ಕೈ ಬರಲಿಲ್ಲ. ಒಂಬತ್ತು ವರ್ಷ ಆಡಿದ್ದೀರಿ, ಮಂಡಿ ಕಳಕೊಂಡಿದ್ದೀರಿ, ಇಪ್ಪತ್ತೈದು ವರ್ಷ ಸುಣ್ಣ ಹಾಕಿದ್ದೀರಿ, ಆ ಕಲ್ಲಿನ ಮೇಲಿರುವ ಎಲ್ಲರನ್ನೂ ಉಳಿಸಿದವರೇ ನೀವು, ನಿಮ್ಮ ಹೆಸರೇ ಇಲ್ಲದಿದ್ದರೆ ಹೇಗೆ ಎಂದು ಜಗಳವಾಡಿದೆ. ಆ ಮನುಷ್ಯನ ಮೇಲೆ ನನಗೆ ನಿಜವಾಗಿಯೂ ಸಿಟ್ಟು ಬಂದಿತ್ತು. ಅವರು ಮೀಸೆ ಸವರಿಕೊಂಡು, ನಾನು ಇಲ್ಲೇ ಇದ್ದೇನಲ್ಲ, ಸಿಂಕು ಕಟ್ಟಿದರೆ ಎಲ್ಲರೂ ಗುರಾಮ್ ಗುರಾಮ್ ಅಂತಾರೆ, ಅಷ್ಟು ಸಾಕು ಅಂದರು.

ಟೈಪ್ ಮಾಡಿದೆ. ಗುರಾಮ್ ತೆಗೆಯಿರಿ, ಗಿವಿ ಎಂದು ಕೆತ್ತಿರಿ. ಮಾಡಿದ ಮೇಲೆ ನನ್ನ ಪಟ್ಟಿಯ ಬುದ್ಧಿ ಮತ್ತೆ ತಲೆ ಎತ್ತಿತು. ಗಿವಿ ಆಡಿದ್ದು ಐವತ್ತೈದರವರೆಗೆ. ಕಲ್ಲಿನಲ್ಲಿ ಅರವತ್ತನಾಲ್ಕು ಎಂದಿದೆ. ಈ ಸಲವಾದರೂ ಕೇಳದೆ ಮಾಡಬಾರದು ಎಂದು ಕೇಳಿದೆ.

“ಅಂಕಲ್, ಕೊನೇ ವರ್ಷಾನೂ ತಿದ್ದಿಸ್ಲಾ? ಐವತ್ತೈದು ಅಂತ?”

ಅವರು ಪರದೆಯ ಮೇಲಿನ ಕಲ್ಲಿನ ಮೊದಲನೇ ಸಾಲಿನ ಮೇಲೆ ಬೆರಳಿಟ್ಟರು.

“ಬೇಡ,” ಅಂದರು. “ಅರವತ್ತನಾಲ್ಕರವರೆಗೆ ಆಡಲಿ ಅವನು.”